ಡೈರ್‌ವುಲ್ಫ್ ಕಂಪೈಲ್ ಆಯ್ತು, ಪರದೆ ಮಾತ್ರ ಖಾಲಿ: ಪ್ಯಾಕೆಟ್ ರೇಡಿಯೊ ಮೋಡೆಮ್ ಕಟ್ಟಿ ಕೇಳಿಸುವ ಬಗೆ

ಹ್ಯಾಂಡ್‌ಹೆಲ್ಡ್ ರೇಡಿಯೊವನ್ನು 145.825 ಮೆಗಾಹರ್ಟ್ಸ್‌ಗೆ ಇಟ್ಟು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಬೆಂಗಳೂರಿನ ಮೇಲೆ ಹಾದುಹೋಗುವ ಹೊತ್ತಿಗೆ ತಾರಸಿಯಲ್ಲಿ ನಿಂತರೆ, ನಿಲ್ದಾಣದ ಪ್ಯಾಕೆಟ್ ಉಪಕರಣ ಚಾಲೂ ಇದ್ದ ದಿನ ಅರೆ ಸೆಕೆಂಡಿನ ಕರ್ಕಶ ಸದ್ದುಗಳು ಬಿಟ್ಟುಬಿಟ್ಟು ಕೇಳಿಸುತ್ತವೆ. ಹಳೇ ಫ್ಯಾಕ್ಸ್ ಯಂತ್ರ ಕೆಮ್ಮಿದ ಹಾಗೆ. ಒಂದೊಂದು ಕೆಮ್ಮಿನೊಳಗೂ ಕಳಿಸಿದವರ ಕರೆಸಂಕೇತ, ಯಾರಿಗೆ, ಯಾವ ದಾರಿಯಲ್ಲಿ, ಏನು ಸಂದೇಶ ಎಂಬುದೆಲ್ಲ ಅಡಗಿರುತ್ತದೆ. ಅದನ್ನು ಬಿಡಿಸಿ ಅಕ್ಷರ ಮಾಡುವುದು ಮೋಡೆಮ್‌ನ ಕೆಲಸ. 1985ರ ಸುಮಾರಿಗೆ ಅಮೆರಿಕದ ಟ್ಯಾಪರ್ ಸಂಸ್ಥೆಯ ಟಿಎನ್‌ಸಿ-2 ಎಂಬ ಪೆಟ್ಟಿಗೆ ಈ ಕೆಲಸ ಮಾಡುತ್ತಿತ್ತು. ಈಗ ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಒಂದು ರಾಸ್ಪ್‌ಬೆರಿ ಪೈ ಅಥವಾ ಮೂಲೆ ಸೇರಿದ ಹಳೇ ಲ್ಯಾಪ್‌ಟಾಪ್, ಮತ್ತು ಜಾನ್ ಲ್ಯಾಂಗ್ನರ್ ಬರೆದ ಡೈರ್‌ವುಲ್ಫ್ ಎಂಬ ಮುಕ್ತ ತಂತ್ರಾಂಶ ಇದ್ದರೆ ಆಯಿತು.

ತಂತ್ರಾಂಶ ಕಂಪೈಲ್ ಮಾಡುವುದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಜನ ಸೋಲುವುದು ಅದರ ನಂತರ. ಎಲ್ಲ ಸರಿಯಾಗಿ ಇನ್‌ಸ್ಟಾಲ್ ಆಗಿರುತ್ತದೆ, ರೇಡಿಯೊದಲ್ಲಿ ಸದ್ದು ಕೇಳುತ್ತಿರುತ್ತದೆ, ಪರದೆಯ ಮೇಲೆ ಮಾತ್ರ ಒಂದಕ್ಷರವೂ ಇಲ್ಲ. ಇದಕ್ಕೆ ಕಾರಣ ಪ್ಯಾಕೆಟ್‌ನ ಸ್ವಭಾವದಲ್ಲೇ ಇದೆ. ಆದ್ದರಿಂದ ಮೊದಲು ಅದನ್ನು ನೋಡೋಣ.

ಆ ಕೆಮ್ಮಿನೊಳಗೆ ಏನಿದೆ

ವಿಎಚ್‌ಎಫ್‌ನಲ್ಲಿ (145 ಮೆಗಾಹರ್ಟ್ಸ್ ಇರುವ ರೇಡಿಯೊ ಪಟ್ಟಿ) ಬಳಕೆಯಲ್ಲಿರುವುದು ಸೆಕೆಂಡಿಗೆ 1200 ಬಿಟ್ ವೇಗದ ಬೆಲ್ 202 ಪದ್ಧತಿ. ಎರಡೇ ಸ್ವರಗಳು: 1200 ಹರ್ಟ್ಸ್‌ನದು ಮಾರ್ಕ್, 2200 ಹರ್ಟ್ಸ್‌ನದು ಸ್ಪೇಸ್. ಒಂದು ಬಿಟ್‌ನ ಆಯುಷ್ಯ 833 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಮಾರ್ಕ್ ಸ್ವರ ಸರಿಯಾಗಿ ಒಂದು ಅಲೆ ಮುಗಿಸುತ್ತದೆ, ಸ್ಪೇಸ್ ಎರಡನ್ನೂ ಮುಗಿಸುವುದಿಲ್ಲ. ಸೌಂಡ್ ಕಾರ್ಡ್ ಸೆಕೆಂಡಿಗೆ 44,100 ಸ್ಯಾಂಪಲ್ ತೆಗೆದರೆ ಒಂದು ಬಿಟ್ಟಿಗೆ ಸಿಗುವುದು 36.75 ಸ್ಯಾಂಪಲ್. ಇಷ್ಟರಲ್ಲೇ ಯಾವ ಸ್ವರ ಎಂದು ತೀರ್ಮಾನವಾಗಬೇಕು.

ಮಾರ್ಕ್ ಎಂದರೆ 1, ಸ್ಪೇಸ್ ಎಂದರೆ 0 ಎಂದು ನೇರವಾಗಿ ಅರ್ಥವಿಲ್ಲ. 0 ಕಳಿಸಬೇಕಾದರೆ ಸ್ವರ ಬದಲಾಗುತ್ತದೆ, 1 ಕಳಿಸಬೇಕಾದರೆ ಇದ್ದ ಸ್ವರವೇ ಮುಂದುವರಿಯುತ್ತದೆ. ಹೀಗಾಗಿ ಉದ್ದಕ್ಕೆ 1 ಬಂದರೆ ಸ್ವರ ಬದಲಾಗುವುದೇ ಇಲ್ಲ, ಕೇಳುವವನ ಗಡಿಯಾರ ತಪ್ಪುತ್ತದೆ. ಅದಕ್ಕೊಂದು ಉಪಾಯ: ಸಾಲಾಗಿ ಐದು 1 ಬಂದ ಕೂಡಲೇ ಕಳಿಸುವವನು ಒಂದು ಸುಳ್ಳು 0 ತುರುಕುತ್ತಾನೆ, ಕೇಳುವವನು ಅದನ್ನು ಕಿತ್ತೆಸೆಯುತ್ತಾನೆ. ಆರು 1 ಸಾಲಾಗಿ ಬರುವುದು 01111110 ಎಂಬ ಗಡಿಗುರುತಿನಲ್ಲಿ ಮಾತ್ರ. ಪ್ಯಾಕೆಟ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದು ಗೊತ್ತಾಗುವುದು ಇದರಿಂದಲೇ.

ಒಳಗಿರುವುದು ಎಎಕ್ಸ್.25 ಚೌಕಟ್ಟು. ಮೊದಲು ವಿಳಾಸಗಳು, ಒಂದೊಂದಕ್ಕೆ 7 ಬೈಟ್: ಕರೆಸಂಕೇತಕ್ಕೆ 6, ಉಳಿದೊಂದು ಬೈಟಿನಲ್ಲಿ 0ಯಿಂದ 15ರ ತನಕದ ಉಪಸಂಖ್ಯೆ. ಆಮೇಲೆ ಸಂದೇಶ. ಕೊನೆಯಲ್ಲಿ 2 ಬೈಟಿನ ತಾಳೆಸಂಖ್ಯೆ. ಈ ತಾಳೆಸಂಖ್ಯೆ ಅಂಗಡಿ ಬಿಲ್ಲಿನ ಕೊನೆಯ ಮೊತ್ತದಂತೆ. ಮೇಲಿನ ಸಾಲುಗಳನ್ನು ಕೂಡಿ ಬಂದ ಲೆಕ್ಕ ಅದಕ್ಕೆ ಹೊಂದದಿದ್ದರೆ ಮೋಡೆಮ್ ಇಡೀ ಬಿಲ್ಲನ್ನೇ ಹರಿದು ಹಾಕುತ್ತದೆ.

ತೊಂದರೆಯ ಬೇರು ಇಲ್ಲಿದೆ. 60 ಬೈಟಿನ ಪ್ಯಾಕೆಟ್ ಎಂದರೆ 480 ಬಿಟ್. ಅದರಲ್ಲಿ 479 ಸರಿಯಾಗಿ, ಒಂದು ತಪ್ಪಾಗಿ ಬಂದರೂ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಮಾತಿನ ರೇಡಿಯೊದಲ್ಲಿ ಅರ್ಧಂಬರ್ಧ ಕೇಳಿದರೂ ಊಹಿಸಬಹುದು; ಇಲ್ಲಿ ಪೂರ್ತಿ ಇಲ್ಲವೇ ಸೊನ್ನೆ. ಸೌಂಡ್ ಕಾರ್ಡ್ ಸತ್ತಿದ್ದರೂ ಪರದೆ ಖಾಲಿ, ಎಲ್ಲ ಸರಿಯಿದ್ದು ಸದ್ದು ಸ್ವಲ್ಪ ಜೋರಾಗಿದ್ದರೂ ಪರದೆ ಖಾಲಿ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಜೋಡಿಸಿ ಕಾಯುತ್ತ ಕೂತರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುವುದೇ ಇಲ್ಲ. ಒಂದೊಂದೇ ಪದರವನ್ನು ಪರೀಕ್ಷಿಸಿ, ಅದು ಪಾಸಾದ ಮೇಲೆ ಮುಂದಿನದಕ್ಕೆ ಹೋಗಬೇಕು. ರೇಡಿಯೊ ಬರುವುದು ಕೊನೆಗೆ.

ಕಂಪೈಲ್

ಒಂದು ಸೂಚನೆ: ಆಜ್ಞೆಗಳನ್ನು ಇಲ್ಲಿ ಓದುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಿರಿ. ಚುಕ್ಕಿ, ಅಡ್ಡಗೆರೆ, ಅಂಕಿಗಳು ಇದ್ದ ಹಾಗೇ.

ಡೆಬಿಯನ್, ಉಬುಂಟು, ರಾಸ್ಪ್‌ಬೆರಿ ಪೈ ಓಎಸ್‌ಗಳ ಭಂಡಾರದಲ್ಲಿ ಸಿದ್ಧ ಡೈರ್‌ವುಲ್ಫ್ ಇದೆ, ಒಂದೇ ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಆದರೆ ಅದು ಸಾಮಾನ್ಯವಾಗಿ ಹಿಂದಿನ ಆವೃತ್ತಿ. ಜಿಪಿಐಒ (ಪೈಯ ಮೇಲಿನ ಸಂಪರ್ಕ ಕಾಲುಗಳು), ಸೌಂಡ್ ಚಿಪ್‌ನ ಪಿಟಿಟಿ (ರೇಡಿಯೊವನ್ನು ಪ್ರಸಾರಕ್ಕೆ ಹಾಕುವ ಸ್ವಿಚ್) ಮುಂತಾದ ವಿಷಯಗಳಲ್ಲಿ ಹೊಸದರಲ್ಲಿ ಆದ ತಿದ್ದುಪಡಿಗಳು ಬೇಕಾದರೆ ಮೂಲದಿಂದ ಕಟ್ಟುವುದೇ ವಾಸಿ. ಮೊದಲು ಬೇಕಾದ ಸಾಮಾನು:

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಗಿಟ್ ಜಿಸಿಸಿ ಜಿ++ ಮೇಕ್ ಸಿಮೇಕ್ ಲಿಬ್‌ಅಸೌಂಡ್2-ಡೆವ್ ಲಿಬ್‌ಯುಡೆವ್-ಡೆವ್ ಲಿಬ್‌ಅವಾಹಿ-ಕ್ಲೈಂಟ್-ಡೆವ್

ಇದರಲ್ಲಿ ಲಿಬ್‌ಅಸೌಂಡ್2-ಡೆವ್ ಇಲ್ಲದೆ ಕೆಲಸ ಶುರುವೇ ಆಗದು. ಆಲ್ಸಾ (ಲಿನಕ್ಸ್‌ನ ಸದ್ದಿನ ವ್ಯವಸ್ಥೆ) ಸಿಗಲಿಲ್ಲ ಎಂದು ಸಿಮೇಕ್ ಅಲ್ಲೇ ನಿಲ್ಲುತ್ತದೆ. ಲಿಬ್‌ಯುಡೆವ್-ಡೆವ್ ಬಿಟ್ಟರೆ ಮಾತ್ರ ಮೋಸ ಗೊತ್ತಾಗುವುದಿಲ್ಲ. ಕಂಪೈಲ್ ಚೆನ್ನಾಗಿಯೇ ಮುಗಿಯುತ್ತದೆ, ಆದರೆ ಸೌಂಡ್ ಚಿಪ್‌ನ ಕಾಲಿನಿಂದ ಪಿಟಿಟಿ ಒತ್ತುವ ಸೌಲಭ್ಯ ಒಳಗೆ ಸೇರಿರುವುದಿಲ್ಲ. ಜಿಪಿಎಸ್ ಬೇಕಾದವರು ಲಿಬ್‌ಜಿಪಿಎಸ್-ಡೆವ್, ರೇಡಿಯೊವನ್ನು ಕ್ಯಾಟ್ ಕೇಬಲ್‌ನಿಂದ ನಡೆಸುವವರು ಲಿಬ್‌ಹ್ಯಾಮ್‌ಲಿಬ್-ಡೆವ್ ಸೇರಿಸಿಕೊಳ್ಳಿ. ಹೆಸರಿನ ಕೊನೆಯ 'ಡೆವ್' ಮರೆಯಬೇಡಿ. ಅದಿಲ್ಲದ್ದು ಓಡಿಸುವುದಕ್ಕೆ, ಅದಿರುವುದು ಕಟ್ಟುವುದಕ್ಕೆ.

ಮೂಲ ಇರುವುದು ಗಿಟ್‌ಹಬ್‌ನಲ್ಲಿ, ಡಬ್ಲ್ಯೂಬಿ2ಓಎಸ್‌ಝಡ್ ಎಂಬ ಖಾತೆಯಲ್ಲಿ. ಅದು ಲ್ಯಾಂಗ್ನರ್ ಅವರ ಕರೆಸಂಕೇತ. ಗಿಟ್ ಕ್ಲೋನ್ ಮಾಡಿ ಮನೆ ಫೋಲ್ಡರಿಗೆ ಇಳಿಸಿಕೊಂಡ ಮೇಲೆ:

ಸಿಡಿ ಡೈರ್‌ವುಲ್ಫ್
ಎಂಕೆಡಿಐಆರ್ ಬಿಲ್ಡ್
ಸಿಡಿ ಬಿಲ್ಡ್
ಸಿಮೇಕ್ ..
ಮೇಕ್ -ಜೆ4
ಸುಡೊ ಮೇಕ್ ಇನ್‌ಸ್ಟಾಲ್
ಮೇಕ್ ಇನ್‌ಸ್ಟಾಲ್-ಕಾನ್ಫ್

ಸಿಮೇಕ್‌ನ ಮುಂದಿನ ಎರಡು ಚುಕ್ಕಿ ಅಲಂಕಾರಕ್ಕಲ್ಲ, 'ಮೂಲ ಇರುವುದು ಒಂದು ಮೆಟ್ಟಿಲು ಮೇಲೆ' ಎಂದು ಅರ್ಥ. 2020ರ 1.6 ಆವೃತ್ತಿಗೆ ಮುಂಚೆ ಸಿಮೇಕ್ ಇರಲಿಲ್ಲ, ಬರೀ ಮೇಕ್ ಹೊಡೆದರೆ ಸಾಕಿತ್ತು. ಹಳೇ ಟಿಪ್ಪಣಿ ನೋಡಿಕೊಂಡು ಈಗಲೂ ಹಾಗೆ ಮಾಡಿದರೆ ವಿಧಾನ ಬದಲಾಗಿದೆ ಎಂದು ಅದೇ ಹೇಳಿ ವಾಪಸ್ ಕಳಿಸುತ್ತದೆ.

-ಜೆ4 ಎಂದರೆ ನಾಲ್ಕು ಕೆಲಸ ಒಟ್ಟಿಗೆ. 512 ಎಂಬಿ ಮೆಮೊರಿಯ ಪೈ ಝೀರೊದಲ್ಲಿ ಅದನ್ನು ಬಿಟ್ಟು ಬರೀ ಮೇಕ್ ಕೊಡಿ. ಮೆಮೊರಿ ಸಾಲದೆ ಕಂಪೈಲರನ್ನು ಕರ್ನಲ್ಲೇ ಕೊಂದರೆ ಬರುವ ಸಂದೇಶದಲ್ಲಿ 'ಕಿಲ್ಡ್' ಎಂಬುದು ಬಿಟ್ಟು ಬೇರೆ ಸುಳಿವು ಇರುವುದಿಲ್ಲ.

ಹೆಚ್ಚಿನವರು ಎಡವುವುದು ಕೊನೆಯ ಸಾಲಿನಲ್ಲಿ. ಅದರ ಮುಂದೆ ಸುಡೊ ಹಾಕಬಾರದು. ಹಾಕಿದರೆ ಡೈರ್‌ವುಲ್ಫ್.ಕಾನ್ಫ್ ಎಂಬ ಸಂರಚನೆಯ ಫೈಲು ರೂಟ್ ಬಳಕೆದಾರನ ಮನೆಗೆ ಹೋಗಿ ಕೂರುತ್ತದೆ, ನೀವು ನಿಮ್ಮ ಮನೆಯಲ್ಲಿ ಹುಡುಕುತ್ತಿರುತ್ತೀರಿ.

ಗ್ರಂಥಾಲಯವೊಂದನ್ನು ಆಮೇಲೆ ಸೇರಿಸಿದರೆ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಸಿಮೇಕ್‌ನಿಂದ ಮತ್ತೆ ಶುರು ಮಾಡಿ. ಸಿಮೇಕ್ ಹಿಂದಿನ ಸಲ ಕಂಡದ್ದನ್ನು ಬರೆದಿಟ್ಟುಕೊಂಡಿರುತ್ತದೆ. ಅದರ ಹಳೇ ನೆನಪಿನ ಜತೆ ಗುದ್ದಾಡುವುದಕ್ಕಿಂತ ಅಳಿಸುವುದು ಬೇಗ. ಇನ್ನೊಂದು: 2025ರಲ್ಲಿ ಬಂದ ಸಿಮೇಕ್ 4, ತೀರಾ ಹಳೆಯ ಕಟ್ಟುವ ಸೂತ್ರಗಳನ್ನು ಒಪ್ಪುವುದಿಲ್ಲ. ಯಾವುದೋ ಹಳೇ ಆವೃತ್ತಿಯನ್ನು ಹೊಸ ಲಿನಕ್ಸ್‌ನಲ್ಲಿ ಕಟ್ಟಲು ಹೋಗಿ '3.5ಕ್ಕಿಂತ ಹಿಂದಿನದಕ್ಕೆ ಬೆಂಬಲ ತೆಗೆದಿದೆ' ಎಂಬ ತಕರಾರು ಬಂದರೆ ಕಾರಣ ಇದೇ. ಹೊಸ ಮೂಲ ಇಳಿಸಿಕೊಳ್ಳಿ.

ಮುಗಿದ ಮೇಲೆ ಡೈರ್‌ವುಲ್ಫ್ ಎಂದಷ್ಟೇ ಹೊಡೆದು ಮೊದಲ ಎರಡು ಸಾಲು ಓದಿ. ಮೊದಲನೆಯದು ಆವೃತ್ತಿ. ನೀವು ಈಗ ಕಟ್ಟಿದ್ದಕ್ಕಿಂತ ಹಳೆಯ ಸಂಖ್ಯೆ ಬಂದರೆ ಭಂಡಾರದಿಂದ ಹಿಂದೆಂದೋ ಹಾಕಿದ್ದು ಇನ್ನೂ ಉಳಿದಿದೆ: ನಿಮ್ಮದು ಯುಎಸ್‌ಆರ್ ಲೋಕಲ್ ಬಿನ್‌ನಲ್ಲಿ, ಅದು ಯುಎಸ್‌ಆರ್ ಬಿನ್‌ನಲ್ಲಿ. ಆಪ್ಟ್ ರಿಮೂವ್ ಮಾಡಿ, ಹೊಸ ಟರ್ಮಿನಲ್ ತೆರೆಯಿರಿ. ಎರಡನೆಯ ಸಾಲಿನಲ್ಲಿ ಒಳಸೇರಿದ ಐಚ್ಛಿಕ ಸೌಲಭ್ಯಗಳ ಪಟ್ಟಿ ಇರುತ್ತದೆ. ಸಿಎಂ108-ಪಿಟಿಟಿ ಅಲ್ಲಿ ಕಾಣದಿದ್ದರೆ ಯುಡೆವ್ ಮರೆತಿದ್ದೀರಿ.

ಮೊದಲ ಪರೀಕ್ಷೆ ಫೈಲಿನಲ್ಲೇ

ಡೈರ್‌ವುಲ್ಫ್ ಜತೆಗೆ ಎರಡು ಸಣ್ಣ ಸಾಧನಗಳು ಬರುತ್ತವೆ, ಅವುಗಳ ಬೆಲೆ ಗೊತ್ತಿರುವವರು ಕಡಿಮೆ. ಜೆನ್_ಪ್ಯಾಕೆಟ್ಸ್ ಪ್ಯಾಕೆಟ್ ಸದ್ದನ್ನು ಫೈಲಾಗಿ ಬರೆಯುತ್ತದೆ, ಎಟೆಸ್ಟ್ ಆ ಫೈಲನ್ನು ಓದಿ ಬಿಡಿಸುತ್ತದೆ.

ಜೆನ್_ಪ್ಯಾಕೆಟ್ಸ್ -ಓ ಪರೀಕ್ಷೆ.ವೇವ್
ಎಟೆಸ್ಟ್ ಪರೀಕ್ಷೆ.ವೇವ್

ನಾಲ್ಕು ಪ್ಯಾಕೆಟ್ ಬರೆದದ್ದಕ್ಕೆ ನಾಲ್ಕೂ ಬಿಡಿಸಿತು ಎಂದು ಕೊನೆಯಲ್ಲಿ ಲೆಕ್ಕ ಬಂದರೆ ಕಂಪೈಲ್ ಸರಿಯಾಗಿದೆ, ಈ ಅಧ್ಯಾಯ ಮುಗಿಯಿತು. ಇದಕ್ಕೆ ಸೌಂಡ್ ಕಾರ್ಡೂ ಬೇಡ, ರೇಡಿಯೊವೂ ಬೇಡ. ಇನ್ನೂ ಸ್ವಾರಸ್ಯದ ಪರೀಕ್ಷೆ ಬೇಕಾದರೆ ಮೊದಲ ಸಾಲಿಗೆ -ಎನ್ 100 ಸೇರಿಸಿ. ನೂರು ಪ್ಯಾಕೆಟ್‌ಗಳು, ಒಂದಕ್ಕಿಂತ ಮುಂದಿನದರಲ್ಲಿ ಗದ್ದಲ ಜಾಸ್ತಿ. ಎಟೆಸ್ಟ್ ಸುಮಾರು 70ರ ಆಸುಪಾಸು ಬಿಡಿಸಿ ಸುಸ್ತಾಗುತ್ತದೆ. ನೂರಕ್ಕೆ ನೂರು ಬರಲಿಲ್ಲ ಎಂದು ಮತ್ತೆ ಕಂಪೈಲ್ ಮಾಡಲು ಕೂರಬೇಡಿ. ಕೊನೆಯವು ಬಿಡಿಸಲಾಗದ ಹಾಗೇ ಮಾಡಿದವು. ಆ ಫೈಲನ್ನು ಸ್ಪೀಕರಿನಲ್ಲಿ ಒಮ್ಮೆ ಕೇಳಿ ನೋಡಿ. ಕಿವಿಗೆ ಸ್ಪಷ್ಟವಾಗಿ ಕೇಳುವ ಪ್ಯಾಕೆಟ್ ಮೋಡೆಮ್‌ಗೆ ಯಾವ ಹಂತದಿಂದ ಮಾಯವಾಗುತ್ತದೆ ಎಂಬ ಅಂದಾಜು ಮುಂದೆ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಸೌಂಡ್ ಕಾರ್ಡ್

ರಾಸ್ಪ್‌ಬೆರಿ ಪೈಗೆ ಸದ್ದು ಒಳಬರುವ ಬಾಗಿಲೇ ಇಲ್ಲ, ಯುಎಸ್‌ಬಿ ಸೌಂಡ್ ಕಾರ್ಡ್ ಬೇಕೇ ಬೇಕು. ಎಸ್‌.ಪಿ. ರಸ್ತೆಯಲ್ಲಿ ಸಿಗುವ ಹೆಬ್ಬೆರಳಿನಷ್ಟು ದಪ್ಪದ ಅಗ್ಗದ ಕಾರ್ಡ್ ಸಾಕು. ಹೆಡ್‌ಫೋನ್ ತೂತು ಒಂದು, ಮೈಕ್ ತೂತು ಒಂದು, ಎರಡೂ ಬೇರೆಬೇರೆ ಇರುವುದನ್ನು ಕೇಳಿ ತಗೊಳ್ಳಿ. ಎರಡೂ ಒಂದೇ ತೂತಿನಲ್ಲಿರುವ ಮೊಬೈಲ್ ಬಗೆಯದು ತಲೆನೋವು. ಸಿ-ಮೀಡಿಯಾದ ಸಿಎಂ108 ಜಾತಿಯ ಚಿಪ್ ಇದ್ದರೆ, ಸಣ್ಣ ಬೆಸುಗೆ ಕಡ್ಡಿ ಹಿಡಿಯುವ ಧೈರ್ಯವಿದ್ದವರು ಮುಂದೆ ಅದರ ಕಾಲಿನಿಂದಲೇ ಪಿಟಿಟಿ ತೆಗೆಯಬಹುದು.

ಎರೆಕಾರ್ಡ್ -ಎಲ್ ಎಂದರೆ ಕಾರ್ಡುಗಳ ಪಟ್ಟಿ ಬರುತ್ತದೆ. ಕಾರ್ಡ್ 1, ಸಾಧನ 0 ಎಂದಿದ್ದರೆ ಡೈರ್‌ವುಲ್ಫ್.ಕಾನ್ಫ್‌ನಲ್ಲಿ

ಎಡಿವೈಸ್ ಪ್ಲಗ್‌ಎಚ್‌ಡಬ್ಲ್ಯೂ:1,0

ಎಂದು ಬರೆಯಿರಿ. 'ಪ್ಲಗ್' ಬಿಟ್ಟು ಬರೀ ಎಚ್‌ಡಬ್ಲ್ಯೂ ಹಾಕಿದರೆ ಕೆಲವು ಕಾರ್ಡುಗಳು ಒಂದೇ ಚಾನೆಲ್‌ನ ಸದ್ದು ಕೊಡಲು ಒಪ್ಪದೆ ತಕರಾರು ತೆಗೆಯುತ್ತವೆ. 'ಡಿವೈಸ್ ಬಿಝಿ' ಎಂದು ಬಂದರೆ ಡೆಸ್ಕ್‌ಟಾಪಿನ ಪಲ್ಸ್‌ಆಡಿಯೊ ಅಥವಾ ಪೈಪ್‌ವೈರ್ ಕಾರ್ಡನ್ನು ಮೊದಲೇ ಹಿಡಿದು ಕೂತಿದೆ. ಮೋಡೆಮ್ ಕೆಲಸಕ್ಕೇ ಮೀಸಲಾದ ಪೈ ಆದರೆ ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿ ಹಾಕುವುದೇ ಇದಕ್ಕೆ ಮದ್ದು.

ಈಗ ಆಲ್ಸಾಮಿಕ್ಸರ್ ತೆರೆದು ಎಫ್6 ಒತ್ತಿ ನಿಮ್ಮ ಕಾರ್ಡ್ ಆರಿಸಿಕೊಳ್ಳಿ. ಮೂರು ವಿಷಯ ಇಲ್ಲಿ ತಪ್ಪದೆ ಆಗಬೇಕು. ಆಟೊ ಗೇನ್ ಕಂಟ್ರೋಲ್ ಎಂಬುದರ ಮೇಲೆ ನಿಂತು ಎಂ ಒತ್ತಿ ಅದನ್ನು ಆಫ್ ಮಾಡಿ. ಅದು ಇದ್ದರೆ ಪ್ಯಾಕೆಟ್ ಇಲ್ಲದ ಹೊತ್ತಿನ ಭುಸ್ ಸದ್ದನ್ನು ನೋಡಿ ತಾನೇ ಮಟ್ಟ ಬದಲಿಸಿ, ಪ್ಯಾಕೆಟ್ ಬರುವಷ್ಟರಲ್ಲಿ ತಪ್ಪು ಜಾಗದಲ್ಲಿ ನಿಂತಿರುತ್ತದೆ. ಎಫ್3ರ ಪರದೆಯಲ್ಲೂ ಒಂದು ಮೈಕ್ ಕಡ್ಡಿ ಇರುತ್ತದೆ, ಅದನ್ನೂ ಎಂ ಒತ್ತಿ ಮುಚ್ಚಿ; ತೆರೆದಿದ್ದರೆ ಒಳಗೆ ಬಂದ ಸದ್ದು ನೇರವಾಗಿ ಹೊರಗೆ ಹೋಗಿ, ನಾಳೆ ರೇಡಿಯೊ ಜೋಡಿಸಿದಾಗ ನಿಮ್ಮ ಪ್ರಸಾರದಲ್ಲಿ ಬೆರೆಯುತ್ತದೆ. ಎಫ್4ರಲ್ಲಿರುವ ಮೈಕ್ ಮಾತ್ರ ನಿಜವಾದ ಒಳಮಟ್ಟ. ಮುಗಿದ ಮೇಲೆ ಸುಡೊ ಆಲ್ಸಾಸಿಟಿಎಲ್ ಸ್ಟೋರ್ ಕೊಡದಿದ್ದರೆ ಮರುಚಾಲನೆಯ ನಂತರ ಈ ಹೊಂದಾಣಿಕೆ ಉಳಿಯುತ್ತದೆ ಎಂಬ ಭರವಸೆ ಇಲ್ಲ.

ರೇಡಿಯೊ ಇಲ್ಲದೆ ಇದನ್ನು ಪರೀಕ್ಷಿಸುವುದು ಹೇಗೆ? ಹೆಡ್‌ಫೋನ್ ತೂತಿನಿಂದ ಮೈಕ್ ತೂತಿಗೆ ಒಂದು ಕೇಬಲ್ ಹಾಕಿ, ಮೊದಲು ಮಾಡಿದ ಪರೀಕ್ಷೆ.ವೇವ್ ಫೈಲನ್ನು ನುಡಿಸಿ. ಡೈರ್‌ವುಲ್ಫ್ ಓಡುತ್ತಿದ್ದರೆ ಕಾರ್ಡ್ ಅದರ ಕೈಯಲ್ಲಿರುತ್ತದೆ. ಸದ್ದು ಹೊರಬಿಡುವ ಬಾಗಿಲನ್ನು ಅದು ಬಿಟ್ಟುಕೊಡದಿದ್ದರೆ ಫೈಲನ್ನು ಮೊಬೈಲಿಗೆ ಸಾಗಿಸಿ, ಮೊಬೈಲ್ ಹೆಡ್‌ಫೋನಿನಿಂದ ಕೊಡಿ. ನೇರ ಕೇಬಲ್‌ನ ಸದ್ದು ಮೈಕ್‌ಗೆ ತೀರಾ ಜೋರು, ಆದ್ದರಿಂದ ಮೊದಲು ಕಾಲು ಭಾಗ ಶಬ್ದದಿಂದ ಶುರು ಮಾಡಿ. ಬಿಡಿಸಿದ ಪ್ರತಿ ಪ್ಯಾಕೆಟ್ ಜತೆ ಆಡಿಯೊ ಲೆವೆಲ್ ಎಂದು ಒಂದು ಸಂಖ್ಯೆ, ಅದರ ಪಕ್ಕ ಆವರಣದಲ್ಲಿ ಇನ್ನೆರಡು ಬರುತ್ತವೆ. ಮೊದಲನೆಯದು ಒಟ್ಟು ಮಟ್ಟ. ಅದು 50ರ ಸುತ್ತಮುತ್ತ ಇರಬೇಕು. ನೂರು ದಾಟಿದರೆ ತಲೆ ಕತ್ತರಿಸಿದ ಅಲೆಗಳು ಶುರುವಾಗುತ್ತವೆ, ತುಂಬಾ ಜೋರಾಯಿತು ಎಂದು ಡೈರ್‌ವುಲ್ಫ್ ತಾನೇ ಗೊಣಗುತ್ತದೆ. ಜೋರಾದಷ್ಟೂ ಚೆನ್ನಾಗಿ ಕೇಳಿಸುತ್ತದೆ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಆವರಣದ ಎರಡು ಸಂಖ್ಯೆಗಳು ಮಾರ್ಕ್ ಮತ್ತು ಸ್ಪೇಸ್ ಸ್ವರಗಳ ಮಟ್ಟ. ಕೇಬಲ್ ಪರೀಕ್ಷೆಯಲ್ಲಿ ಅವು ಹೆಚ್ಚುಕಡಿಮೆ ಸಮ ಇರುತ್ತವೆ. ರೇಡಿಯೊದ ಸ್ಪೀಕರ್ ತೂತಿನಿಂದ ಬಂದಾಗ ಹಾಗಿರದೆ ಹೋಗಬಹುದು. ಮಾತಿನ ಎಫ್‌ಎಂ ರೇಡಿಯೊಗಳು ಕಳಿಸುವಾಗ ತಾರಸ್ವರವನ್ನು ಎತ್ತಿ, ಕೇಳುವಾಗ ಅಷ್ಟೇ ಇಳಿಸುತ್ತವೆ. ಕಳಿಸಿದವನು ಎತ್ತದೆ ಕಳಿಸಿ ನಿಮ್ಮ ರೇಡಿಯೊ ಇಳಿಸಿದರೆ 2200 ಹರ್ಟ್ಸ್ ಸ್ವರ 1200ರದ್ದಕ್ಕಿಂತ ಸುಮಾರು 5 ಡೆಸಿಬೆಲ್ ಬಡವಾಗಿರುತ್ತದೆ. ಡೈರ್‌ವುಲ್ಫ್ ಇಂಥ ಅಸಮತೋಲವನ್ನು ಸಾಕಷ್ಟು ಸಹಿಸುತ್ತದೆ. ಒಂದೇ ಸದ್ದನ್ನು ಬೇರೆಬೇರೆ ತೂಕದಲ್ಲಿ ಏಕಕಾಲಕ್ಕೆ ಬಿಡಿಸಲು ನೋಡುತ್ತದೆ. ಹಳೇ ಪೆಟ್ಟಿಗೆಗಳಿಗಿಂತ ಇದು ಹೆಚ್ಚು ಕೇಳಿಸಿಕೊಳ್ಳುವುದರ ಗುಟ್ಟುಗಳಲ್ಲಿ ಇದೂ ಒಂದು.

ಮೂರನೆಯದು ರೇಡಿಯೊ, ಬರೀ ಕೇಳಲು

ಸ್ಪೀಕರ್ ತೂತಿನ ಸದ್ದು ಮೈಕ್ ತೂತಿಗೆ ಹತ್ತಾರು ಪಟ್ಟು ಜೋರು. ಸರಣಿಯಲ್ಲಿ 10 ಕಿಲೊಓಮ್, ಅಲ್ಲಿಂದ ನೆಲಕ್ಕೆ 1 ಕಿಲೊಓಮ್ ಇಟ್ಟರೆ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ಜತೆಗೆ ಸರಣಿಯಲ್ಲೊಂದು 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ, ಕಾರ್ಡು ಮೈಕ್‌ಗೆಂದು ಕೊಡುವ ಡಿಸಿ ವೋಲ್ಟೇಜು ರೇಡಿಯೊ ಕಡೆ ಹೋಗದಂತೆ.

ರೇಡಿಯೊದ ಸ್ಕ್ವೆಲ್ಚ್ (ಸಂಕೇತ ಇಲ್ಲದಾಗ ಸದ್ದನ್ನು ಮುಚ್ಚುವ ಬಾಗಿಲು) ಪೂರ್ತಿ ತೆರೆದಿಡಿ. ಭುಸ್ ಎನ್ನುವ ಸದ್ದು ಕಿವಿಗೆ ಹಿಂಸೆ ಇರಬಹುದು, ಆದರೆ ಮುಚ್ಚಿದ ಬಾಗಿಲು ತೆರೆಯುವಷ್ಟರಲ್ಲಿ ಪ್ಯಾಕೆಟ್‌ನ ತಲೆ ಹೋಗಿರುತ್ತದೆ, ತಲೆ ಹೋದರೆ ಇಡೀ ಪ್ಯಾಕೆಟ್ ಹೋಯಿತು. ಹ್ಯಾಂಡ್‌ಹೆಲ್ಡ್‌ಗಳಲ್ಲಿ ಬ್ಯಾಟರಿ ಸೇವರ್ ಎಂಬ ಸೌಲಭ್ಯವನ್ನೂ ಆಫ್ ಮಾಡಿ. ಅದು ರೇಡಿಯೊವನ್ನು ನಿದ್ದೆ ಮಾಡಿಸಿ ಆಗಾಗ ಎಬ್ಬಿಸುತ್ತಿರುತ್ತದೆ. ಮಾತಿನಲ್ಲಿ ಗೊತ್ತಾಗದ ಈ ಕಣ್ಮುಚ್ಚಾಲೆ ಪ್ಯಾಕೆಟ್‌ಗೆ ಮೃತ್ಯು.

ಡೈರ್‌ವುಲ್ಫ್ -ಎ 10 ಎಂದು ಓಡಿಸಿದರೆ ಹತ್ತು ಸೆಕೆಂಡಿಗೊಮ್ಮೆ ಸ್ಯಾಂಪಲ್ ವೇಗ ಮತ್ತು ಒಳಮಟ್ಟ ಪರದೆಗೆ ಬರುತ್ತದೆ, ಪ್ಯಾಕೆಟ್ ಬರಲಿ ಬಿಡಲಿ. ವೇಗ 44.1 ಕಿಲೊ ಹತ್ತಿರವಿಲ್ಲದೆ ಕೆಳಗೆ ಜಾರುತ್ತಿದ್ದರೆ ಯುಎಸ್‌ಬಿ ಹಬ್ ಅಥವಾ ಪೈಯ ವಿದ್ಯುತ್ ಅಡಾಪ್ಟರ್ ಮೇಲೆ ಗುಮಾನಿ ಪಡಿ. ಮಟ್ಟ ಸೊನ್ನೆಯಲ್ಲೇ ನಿಂತಿದ್ದರೆ ತಂತಿ ತಪ್ಪಿದೆ.

ಬೆಂಗಳೂರಿನಲ್ಲಿ ಇನ್ನೊಂದು ಶತ್ರು ಮನೆಯೊಳಗೇ ಇರುತ್ತದೆ. ಅಗ್ಗದ ಎಲ್‌ಇಡಿ ದೀಪ, ಇನ್ವರ್ಟರ್, ಚಾರ್ಜರ್‌ಗಳು ವಿಎಚ್‌ಎಫ್‌ನಲ್ಲೂ ಗದ್ದಲ ಉಗುಳುತ್ತವೆ. ಕಿಟಕಿ ಪಕ್ಕದ ರಬ್ಬರ್ ಆಂಟೆನಾ ಬಿಟ್ಟು ತಾರಸಿಯ ಮೇಲೊಂದು ಕಾಲಲೆಯ ಗ್ರೌಂಡ್‌ಪ್ಲೇನ್ ಹಾಕಿ: ಎಸ್‌ಒ-239 ಸಾಕೆಟ್ಟಿನ ನಡುವೆ ನೆಟ್ಟಗೆ 49 ಸೆಂಟಿಮೀಟರ್ ತಂತಿ, ನಾಲ್ಕು ಮೂಲೆಗೆ ಅಷ್ಟೇ ಉದ್ದದ ನಾಲ್ಕು ತಂತಿ 45 ಡಿಗ್ರಿ ಕೆಳಕ್ಕೆ ಬಾಗಿಸಿ. ಅಷ್ಟೇ.

ಬಾಹ್ಯಾಕಾಶ ನಿಲ್ದಾಣ ದಿಗಂತದಲ್ಲಿ ಮೂಡುವಾಗ ನಿಮ್ಮಿಂದ 2,300 ಕಿ.ಮೀ.ಗೂ ದೂರ, ನೆತ್ತಿಯ ಮೇಲಿರುವಾಗ ಸುಮಾರು 420 ಕಿ.ಮೀ. ಈ ಅಂತರವೇ 15 ಡೆಸಿಬೆಲ್ ವ್ಯತ್ಯಾಸ ತರುತ್ತದೆ. ಸುತ್ತ ಅಪಾರ್ಟ್‌ಮೆಂಟುಗಳಿದ್ದರೆ 30 ಡಿಗ್ರಿಗಿಂತ ಕೆಳಗೇ ಹಾದುಹೋಗುವ ದಿನಗಳನ್ನು ಮರೆತುಬಿಡಿ. ಡಾಪ್ಲರ್ ಜಾರಿಕೆ (ನಿಲ್ದಾಣದ ಓಟದಿಂದ ಆವರ್ತನದಲ್ಲಿ ಆಗುವ ವ್ಯತ್ಯಾಸ) 3.5 ಕಿಲೊಹರ್ಟ್ಸ್ ಆಸುಪಾಸಿನ ಒಳಗೇ ಇರುವುದರಿಂದ 1200ರ ಪ್ಯಾಕೆಟ್‌ಗೆ ಟ್ಯೂನಿಂಗ್ ಬದಲಿಸುತ್ತ ಕೂರಬೇಕಿಲ್ಲ.

ರೇಡಿಯೊ ಬದಲು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಅಗ್ಗದ ರೇಡಿಯೊ ರಿಸೀವರ್) ಇದ್ದರೆ ಸೌಂಡ್ ಕಾರ್ಡಿನ ಗೊಡವೆಯೇ ಇಲ್ಲ:

ಆರ್‌ಟಿಎಲ್_ಎಫ್‌ಎಂ -ಎಫ್ 145.825ಎಂ - | ಡೈರ್‌ವುಲ್ಫ್ -ಎನ್ 1 -ಆರ್ 24000 -ಬಿ 16 -

ಇಲ್ಲಿ 145.825ರ ಮುಂದಿನ ಎಂ ಮಾತ್ರ ದೊಡ್ಡಕ್ಷರ, ಮೆಗಾ ಎಂಬ ಅರ್ಥದಲ್ಲಿ. ಎರಡೂ ಕಡೆಯ ಒಂಟಿ ಅಡ್ಡಗೆರೆಗಳನ್ನು ಬಿಟ್ಟರೆ ಸದ್ದು ಕೊಳವೆಯಲ್ಲಿ ಹರಿಯುವುದಿಲ್ಲ. 24000 ಎಂಬುದು ಆರ್‌ಟಿಎಲ್_ಎಫ್‌ಎಂ ತಾನಾಗಿ ಕೊಡುವ ವೇಗ, ಎರಡು ಕಡೆಯೂ ಅದೇ ಇರಬೇಕು; ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಅಗ್ಗದ ಡಾಂಗಲ್‌ಗಳ ಹರಳು 50 ಪಿಪಿಎಂ (ಹತ್ತು ಲಕ್ಷಕ್ಕೆ 50) ತಪ್ಪಿದರೂ ಈ ಆವರ್ತನದಲ್ಲಿ 7 ಕಿಲೊಹರ್ಟ್ಸ್ ಆಚೀಚೆ, ಡಾಪ್ಲರ್‌ನ ಎರಡು ಪಟ್ಟು. -ಪಿ ಕೊಟ್ಟು ತಿದ್ದಿಕೊಳ್ಳಿ. 'ಕ್ಲೇಮ್ ಇಂಟರ್‌ಫೇಸ್ -6' ಎಂಬ ದೂರು ಬಂದರೆ ಲಿನಕ್ಸ್ ಅದನ್ನು ಟಿವಿ ಡಾಂಗಲ್ ಎಂದು ತಿಳಿದು ಹಿಡಿದುಕೊಂಡಿದೆ. ಆ ಕರ್ನಲ್ ಮಾಡ್ಯೂಲನ್ನು ಬ್ಲ್ಯಾಕ್‌ಲಿಸ್ಟಿಗೆ ಸೇರಿಸಿ.

ಪಿಟಿಟಿ, ಪ್ರಸಾರ

ಪ್ರಸಾರಕ್ಕೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋ-ಆರ್ಡಿನೇಷನ್ ವಿಭಾಗದ ಹ್ಯಾಮ್ ಪರವಾನಗಿ ಬೇಕು. ಡೈರ್‌ವುಲ್ಫ್.ಕಾನ್ಫ್‌ನ ಮೈಕಾಲ್ ಸಾಲಿನಲ್ಲಿ ನಿಮ್ಮದೇ ಕರೆಸಂಕೇತ ಇರಬೇಕು, ಮಾದರಿ ಫೈಲಿನ ಎನ್0ಕಾಲ್ ಅಲ್ಲ.

ಸದ್ದು ಬಂದ ಕೂಡಲೇ ತಾನೇ ಪ್ರಸಾರಕ್ಕೆ ಹೋಗುವ ವಾಕ್ಸ್ ಸೌಲಭ್ಯ ಸುಲಭವಾಗಿ ಕಂಡರೂ ಬೇಡ. ಸದ್ದು ನಿಂತ ಮೇಲೂ ಅದು ಅರ್ಧ ಸೆಕೆಂಡೊ ಒಂದು ಸೆಕೆಂಡೊ ಹಿಡಿದುಕೊಂಡಿರುತ್ತದೆ, ಅಷ್ಟರಲ್ಲಿ ಎದುರಿನವರ ಉತ್ತರ ಬಂದು ಹೋಗಿರುತ್ತದೆ. ಅಗ್ಗದ ಯುಎಸ್‌ಬಿ-ಸೀರಿಯಲ್ ಮಾಡ್ಯೂಲೊಂದರ ಆರ್‌ಟಿಎಸ್ ಕಾಲು ಮತ್ತು ಪಿಸಿ817 ಆಪ್ಟೊಕಪ್ಲರ್ (ಬೆಳಕಿನಿಂದ ನಡೆಯುವ ಸಣ್ಣ ಸ್ವಿಚ್) ಸಾಕು. ಸಂರಚನೆಯಲ್ಲಿ (ಯುಎಸ್‌ಬಿ ಎಂಬುದು ದೊಡ್ಡಕ್ಷರದಲ್ಲಿ):

ಪಿಟಿಟಿ /ಡೆವ್/ಟಿಟಿವೈಯುಎಸ್‌ಬಿ0 ಆರ್‌ಟಿಎಸ್

ಇಲ್ಲೊಂದು ಹಳ್ಳ ಇದೆ. ಈ ಮಾಡ್ಯೂಲುಗಳ ಆರ್‌ಟಿಎಸ್ ಸುಮ್ಮನಿದ್ದಾಗ ಮೇಲೆ, ಒತ್ತಿದಾಗ ಕೆಳಗೆ. ಪುಸ್ತಕದ ಚಿತ್ರ ನೋಡಿ ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿದರೆ ಯುಎಸ್‌ಬಿ ಚುಚ್ಚಿದ ಕ್ಷಣದಿಂದ ರೇಡಿಯೊ ಪ್ರಸಾರದಲ್ಲೇ ನಿಲ್ಲುತ್ತದೆ. ಆರ್‌ಟಿಎಸ್ ಹಿಂದೆ ಅಡ್ಡಗೆರೆ ಹಾಕಿ ಉಲ್ಟಾ ಮಾಡಬಹುದು, ಆದರೆ ಡೈರ್‌ವುಲ್ಫ್ ಶುರುವಾಗುವ ತನಕ ಪ್ರಸಾರ ತಪ್ಪದು. ಬದಲಿಗೆ ಆಪ್ಟೊಕಪ್ಲರಿನ ಎಲ್‌ಇಡಿಯ ಧನ ತುದಿಯನ್ನು 470 ಓಮ್ ಮೂಲಕ ಮಾಡ್ಯೂಲಿನ 3.3 ವೋಲ್ಟ್‌ಗೆ, ಋಣ ತುದಿಯನ್ನು ಆರ್‌ಟಿಎಸ್‌ಗೆ ಕೊಡಿ. 5 ವೋಲ್ಟ್‌ಗೆ ಕೊಡಬೇಡಿ. ಆರ್‌ಟಿಎಸ್ ಮೇಲಿದ್ದಾಗಲೂ 3.3 ವೋಲ್ಟೇ ಆದರೆ ಉಳಿದ 1.7 ವೋಲ್ಟ್ ಎಲ್‌ಇಡಿಯನ್ನು ಮಿಣಮಿಣ ಉರಿಸುವಷ್ಟಿದೆ. ಹೀಗೆ ಮಾಡಿದರೂ ಪೈ ಬೂಟ್ ಆಗುವಾಗ ಆರ್‌ಟಿಎಸ್ ಒಮ್ಮೆ ಅಲುಗಬಹುದು, ಆದ್ದರಿಂದ ರೇಡಿಯೊ ಸ್ವಿಚ್ ಆಮೇಲೆ ಹಾಕಿ.

ಸೀರಿಯಲ್‌ಗೆ ಡಯಲ್‌ಔಟ್, ಸದ್ದಿಗೆ ಆಡಿಯೊ ಗುಂಪಿನಲ್ಲಿ ನಿಮ್ಮ ಹೆಸರಿರಬೇಕು. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಬನ್ನಿ. ಪೈಯ ಜಿಪಿಐಒ ಕಾಲನ್ನೇ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: 6.6ನೇ ಕರ್ನಲ್‌ನಿಂದ ಹಳೇ ಪದ್ಧತಿಯ ಕಾಲುಗಳ ಎಣಿಕೆ 512ರಿಂದ ಶುರು. ನಿನ್ನೆ ತನಕ 25 ಆಗಿದ್ದದ್ದು ಅಪ್‌ಡೇಟ್ ಆದ ಬೆಳಗ್ಗೆ 537.

ಮೈಕ್ ಕಡೆಗೂ ಅದೇ 10 ಕಿಲೊ, 1 ಕಿಲೊ ಜೋಡಿ, ಕೆಪಾಸಿಟರ್. ಆಂಟೆನಾ ಬದಲು ಡಮ್ಮಿ ಲೋಡ್ (ಶಕ್ತಿಯನ್ನು ಹೊರಬಿಡದೆ ನುಂಗುವ ರೆಸಿಸ್ಟರ್) ಹಾಕಿ ಡೈರ್‌ವುಲ್ಫ್ -ಎಕ್ಸ್ ಓಡಿಸಿದರೆ ಎರಡು ಸ್ವರಗಳನ್ನು ಒಂದಾದ ಮೇಲೊಂದರಂತೆ ಕಳಿಸುತ್ತದೆ. ಇನ್ನೊಂದು ರೇಡಿಯೊದಲ್ಲಿ ಕೇಳುತ್ತ ಹೊರಮಟ್ಟ ನಿಧಾನವಾಗಿ ಏರಿಸಿ. ಒಂದು ಹಂತದ ನಂತರ ಏರಿಸಿದರೂ ಸದ್ದು ಜೋರಾಗುವುದು ನಿಲ್ಲುತ್ತದೆ. ಅದು ರೇಡಿಯೊದ ಮಿತಿ. ಅಲ್ಲಿಂದ ಸುಮಾರು ಅರ್ಧಕ್ಕೆ ಇಳಿಸಿ. ಮಾಪಕ ಇದ್ದವರು 3 ಕಿಲೊಹರ್ಟ್ಸ್ ಡೀವಿಯೇಷನ್ (ಸದ್ದಿನಿಂದ ಆವರ್ತನ ಆಚೀಚೆ ಸರಿಯುವ ಪ್ರಮಾಣ) ನೋಡಿ ನಿಲ್ಲಿಸಬಹುದು.

ಟಿಎಕ್ಸ್‌ಡಿಲೇ 30 ಎಂದರೆ 30 ಮಿಲಿಸೆಕೆಂಡ್ ಅಲ್ಲ, 300. ಎಣಿಕೆ ಹತ್ತರ ಲೆಕ್ಕದಲ್ಲಿ. ಪಿಟಿಟಿ ಒತ್ತಿದ ಮೇಲೆ ರೇಡಿಯೊ ಎದ್ದು ನಿಲ್ಲಲು ಕೊಡುವ ಸಮಯ ಅದು. 60 ಬೈಟಿನ ಪ್ಯಾಕೆಟ್‌ಗೆ ಬೇಕಾದ್ದೇ 0.4 ಸೆಕೆಂಡ್ ಎಂದಮೇಲೆ ಇದು ದುಬಾರಿ, ಆದರೂ ಅಗ್ಗದ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಇಳಿಸಲು ಹೋಗಬೇಡಿ.

ಪ್ರಸಾರ ಮಾಡಿದಾಗ ಯುಎಸ್‌ಬಿ ಕಳಚಿಕೊಂಡರೆ ಅಥವಾ ಪಿಟಿಟಿ ಬಿಡದೆ ಅಂಟಿಕೊಂಡರೆ ಅದು ತಂತ್ರಾಂಶದ ದೋಷವಲ್ಲ, ಆಂಟೆನಾದ ಶಕ್ತಿ ತಂತಿಗೆ ನುಗ್ಗುತ್ತಿದೆ. ಆಂಟೆನಾ ದೂರ ಇಡಿ, ಯುಎಸ್‌ಬಿ ಮತ್ತು ಸದ್ದಿನ ತಂತಿಗಳಿಗೆ ಫೆರೈಟ್ ಕ್ಲಿಪ್ ಹಾಕಿ, ಶಕ್ತಿ ಇಳಿಸಿ.

ಬೀಕನ್‌ನಲ್ಲಿ (ನಾನು ಇಲ್ಲಿದ್ದೇನೆ ಎಂದು ಸಾರುವ ಪ್ಯಾಕೆಟ್) ಸ್ಥಳ ಬರೆಯುವಾಗ ಡಿಗ್ರಿ ಮತ್ತು ನಿಮಿಷ. ಬೆಂಗಳೂರಿನ ನಡುಭಾಗ ಮ್ಯಾಪಿನಲ್ಲಿ 12.9716, 77.5946 ಎಂದು ತೋರಿದರೆ ಪಿಬೀಕನ್ ಸಾಲಿಗೆ ಹೋಗಬೇಕಾದ್ದು 12^58.30 ಉತ್ತರ, 077^35.68 ಪೂರ್ವ. ದಶಮಾಂಶವನ್ನು ಹಾಗೇ ನಿಮಿಷ ಎಂದು ತಿಳಿದು 77^59.46 ಬರೆದರೆ ನಿಮ್ಮ ಮನೆ 43 ಕಿ.ಮೀ. ಪೂರ್ವಕ್ಕೆ ಸರಿದು ಮಾಲೂರಿನ ಆಚೆ ಕೂರುತ್ತದೆ. ನಿಲ್ದಾಣದ ಮೂಲಕ ಕಳಿಸುವಾಗ ದಾರಿ ಎಆರ್‌ಐಎಸ್‌ಎಸ್, ಅದೂ ಕೈಯಾರೆ. ಯಾರೂ ಇಲ್ಲದಾಗ ಗಡಿಯಾರದ ಲೆಕ್ಕದಲ್ಲಿ ಬೀಕನ್ ಬಿಡುತ್ತಿದ್ದರೆ ಇಡೀ ಖಂಡ ಹಂಚಿಕೊಳ್ಳುವ ಒಂದೇ ದಾರಿಗೆ ಅಡ್ಡ ನಿಂತ ಹಾಗೆ.

ಸಂದೇಶ ಬರೆಯಲು, ನಕ್ಷೆ ನೋಡಲು ಬೇರೆ ತಂತ್ರಾಂಶ ಬೇಕು: ಝಾಸ್ಟಿರ್, ಯಾಕ್, ವಿನ್‌ಲಿಂಕ್ ಎಂಬ ರೇಡಿಯೊ ಇಮೇಲ್‌ಗೆ ಪ್ಯಾಟ್. ಇವು ಡೈರ್‌ವುಲ್ಫ್ ಜತೆ 8000 ಪೋರ್ಟಿನ ಎಜಿಡಬ್ಲ್ಯೂ ಅಥವಾ 8001ರ ಕಿಸ್ ಮೂಲಕ ಮಾತಾಡುತ್ತವೆ. ಸೀರಿಯಲ್ ಟಿಎನ್‌ಸಿ ಮಾತ್ರ ಗೊತ್ತಿರುವ ಹಳೇ ತಂತ್ರಾಂಶಕ್ಕೆ -ಪಿ ಕೊಟ್ಟು ಓಡಿಸಿದರೆ ಟಿಎಂಪಿಯಲ್ಲಿ ಕಿಸ್‌ಟಿಎನ್‌ಸಿ ಎಂಬ ಹುಸಿ ಪೋರ್ಟ್ ಹುಟ್ಟುತ್ತದೆ.

ಸದಾ ಓಡುತ್ತಿರಲಿ ಎಂದು ಸಿಸ್ಟಂಡಿ ಸೇವೆಯಾಗಿ ಹಾಕಿ -ಟಿ 0 ಕೊಡಿ, ಬಣ್ಣದ ಸಂಕೇತಗಳು ಲಾಗ್ ಕೆಡಿಸುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಕೆಲಸ ನಿಂತಿದ್ದರೆ ಮೊದಲು ನೋಡಬೇಕಾದ್ದು ಕಾರ್ಡಿನ ಸಂಖ್ಯೆ. 1 ಆಗಿದ್ದದ್ದು 2 ಆಗಿರುತ್ತದೆ, ಟಿಟಿವೈಯುಎಸ್‌ಬಿ0 ಇದ್ದದ್ದು 1 ಆಗಿರುತ್ತದೆ. ಪ್ರಾಕ್ ಅಸೌಂಡ್ ಕಾರ್ಡ್ಸ್ ಫೈಲಿನಲ್ಲಿ ಚೌಕ ಆವರಣದೊಳಗೆ ಕಾರ್ಡಿನ ಹೆಸರಿದೆ. ಸಂಖ್ಯೆಯ ಜಾಗದಲ್ಲಿ ಕಾರ್ಡ್=ಆ ಹೆಸರು ಎಂದು ಬರೆಯಿರಿ (ಕಾರ್ಡ್ ಎಂಬುದು ದೊಡ್ಡಕ್ಷರದಲ್ಲಿ), ಸೀರಿಯಲ್‌ಗೆ ಡೆವ್ ಸೀರಿಯಲ್ ಬೈ-ಐಡಿಯೊಳಗಿನ ಉದ್ದ ಹೆಸರು ಕೊಡಿ. ಆಮೇಲೆ ಪೈಯನ್ನು ನಾಲ್ಕೈದು ಸಲ ಆರಿಸಿ ಹಚ್ಚಿ, ಪ್ರತಿ ಸಲವೂ ತಾನಾಗಿ ಏಳುತ್ತದೆಯೇ ನೋಡಿ, ಅನಂತರ ತಾರಸಿಯ ಡಬ್ಬಿ ಮುಚ್ಚಿ.